ಸಮುದ್ರಕ್ಕೆ ಬಾಗಿನ ಬಿಟ್ಟದ್ದು

ಸ್ನಾನದ ಮನೆಯ ಬಕೆಟ್ಟು ತುಂಬುವಾಗ ಈಚೆಗೆ ನಾನು ಅದರ ಪಕ್ಕದಲ್ಲೇ ನಿಂತಿರುತ್ತೇನೆ. ನಲ್ಲಿ ತಿರುಗಿಸಿ, ಹಾಲು ಕಾಯಿಸಲು ಹೋಗಿ, ಅಲ್ಲಿ ಹಾಲನ್ನೂ ಇಲ್ಲಿ ನೀರನ್ನೂ ಒಟ್ಟಿಗೆ ಉಕ್ಕಿಸುವ ಹಳೆಯ ನಿಶ್ಚಿಂತೆ ಹೊರಟುಹೋಗಿದೆ. ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗಿರುವಾಗಲೇ ಕೈ ತಾನಾಗಿ ನಲ್ಲಿಯತ್ತ ಹೋಗುತ್ತದೆ. ಮನೆಯವರು ಇದನ್ನು ಮಿತವ್ಯಯವೆಂದು ತಿಳಿದು ಮೆಚ್ಚಿಕೊಂಡಿದ್ದಾರೆ. ನಿಜ ಸಂಗತಿ ಏನೆಂದರೆ, ಮಂಗಳೂರಿನಲ್ಲಿ ಅರ್ಧ ದಿನದ ಪ್ರವಾಸ ಮಾಡಿ ಬಂದಂದಿನಿಂದ ಏರುವ ನೀರನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ.

ಅರ್ಧ ದಿನ ಎಂಬುದು ವಿಚಿತ್ರವಾದ ಅಳತೆ. ಶಾಲೆಯಲ್ಲಿ ಶನಿವಾರದ ಅರ್ಧ ದಿನಕ್ಕೆ ಇಡೀ ವಾರದಷ್ಟು ತೂಕವಿತ್ತು. ಆಫೀಸಿನಲ್ಲಿ ಅರ್ಧ ದಿನ ರಜೆ ಹಾಕಿದರೆ ಕೆಲಸವೂ ಆಗುವುದಿಲ್ಲ, ರಜೆಯೂ ಸಿಗುವುದಿಲ್ಲ. ಇನ್ನು ಪ್ರವಾಸದ ಅರ್ಧ ದಿನವೆಂದರೆ, ಒಂದು ಊರು ನೂರಾರು ವರ್ಷಗಳಿಂದ ಕೂಡಿಸಿಟ್ಟುಕೊಂಡದ್ದನ್ನೆಲ್ಲ ತಿಂಡಿಗೂ ಊಟಕ್ಕೂ ನಡುವೆ ನೋಡಿ ಮುಗಿಸಿಬಿಡುವ ಧೈರ್ಯ. ಆ ಧೈರ್ಯವನ್ನು ನಾವು ಮಾಡಿದೆವು. ಗೆಳತಿಯೊಬ್ಬಳ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆವು. ಮರುದಿನ ಮಧ್ಯಾಹ್ನದ ಬಸ್ಸಿನ ತನಕ ಸಮಯವಿತ್ತು. ಒಂದು ಕಾರು, ಅದನ್ನು ಓಡಿಸುತ್ತ ಊರನ್ನೂ ವಿವರಿಸುವ ಒಬ್ಬ ಗೈಡು, ನಾವು ಮೂರು ಜನ.

ಮೂರು ಜನ ಎಂದರೆ ನಾನು, ನಮ್ಮಪ್ಪನ ಅಕ್ಕ ಸಾವಿತ್ರತ್ತೆ, ಅವರ ಯಜಮಾನರಾದ ನಂಜಪ್ಪ ಮಾವ. ಇಬ್ಬರೂ ದೇವನಹಳ್ಳಿಯಾಚೆ ಕುಂದಾಣದ ಕಡೆ ದ್ರಾಕ್ಷಿ ಬೆಳೆಯುವವರು. ದಿನವೂ ತಲೆಯ ಮೇಲೆ ವಿಮಾನ ಹಾರುವ ಊರು. ಬಣ್ಣ ನೋಡಿ ಯಾವುದು ಎಲ್ಲಿಗೆ ಹೊರಟಿದೆ ಎಂದು ಮಾವ ತೋಟದಲ್ಲಿ ನಿಂತೇ ಹೇಳಬಲ್ಲರು, ಸರಿಯಾಗಿ ಹೇಳುತ್ತಾರೋ ಇಲ್ಲವೋ ಯಾರು ನೋಡಿದವರು. ಆದರೆ ಸಮುದ್ರವನ್ನು ಮಾತ್ರ ಇಬ್ಬರೂ ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದರು, ಅದಕ್ಕೇ ನನ್ನ ಜೊತೆ ಮದುವೆಗೆ ಹೊರಟಿದ್ದರು. ಅತ್ತೆಯ ಕೈಚೀಲ ಹೊರಡುವಾಗಲೇ ವಿಪರೀತ ಉಬ್ಬಿತ್ತು. ಮದುವೆಯ ಉಡುಗೊರೆ ಇರಬೇಕೆಂದು ನಾನು ಕೇಳಲಿಲ್ಲ.

ಗೈಡ್ ದಿವಾಕರಣ್ಣ ಸಜ್ಜನ, ಮಾತುಗಾರ, ಆದರೆ ಗಡಿಯಾರದ ಗುಲಾಮ. ನೋಡುವ ಜಾಗಗಳಿಗೆಲ್ಲ ಅವರು ಇಟ್ಟಿದ್ದ ಹೆಸರು ‘ಪಾಯಿಂಟು’. ದೇವಸ್ಥಾನ ಒಂದು ಪಾಯಿಂಟು, ಗೋಡೆ ತುಂಬ ಕ್ರೈಸ್ತ ಸಂತರ ಚಿತ್ರಗಳಿರುವ ಇಗರ್ಜಿ ಇನ್ನೊಂದು ಪಾಯಿಂಟು, ಹೊಳೆಯ ದಂಡೆಯ ಹಳೆ ಬಂದರು ಮತ್ತೊಂದು. ಪ್ರತಿ ಪಾಯಿಂಟಿನಲ್ಲೂ ಅತ್ತೆ ಚಪ್ಪಲಿ ಬಿಟ್ಟು, ಕೈಮುಗಿದು, ಒಂದು ಸುತ್ತು ಬಂದರು. ಬಂದರಿನಲ್ಲೂ ಚಪ್ಪಲಿ ಬಿಟ್ಟರು. “ಹೋಗುವ, ಹೋಗುವ, ಮುಂದೆ ಇನ್ನೂ ಉಂಟು” ಎಂದು ದಿವಾಕರಣ್ಣ ಅವಸರಪಡಿಸಿದಷ್ಟೂ ಮಾವನಿಗೆ ಅನುಮಾನ ಬಲಿಯಿತು.

“ಬೇಗ ಮುಗಿಸ್ಬಿಟ್ಟು ಇನ್ನೊಂದು ಬಾಡಿಗೆ ಹಿಡಿಯೋ ಪ್ಲಾನು ಕಣಮ್ಮಾ ಇವನದು,” ಎಂದು ನನ್ನ ಕಿವಿಯಲ್ಲಿ ಊದಿದರು. “ಅವನು ಬೇಗ ಅಂದಾಗೆಲ್ಲ ನಾವು ನಿಧಾನ ಅನ್ನಬೇಕು.”

ಈ ಒಂದು ನೀತಿ ಇಲ್ಲದಿದ್ದರೆ ನನ್ನ ಬಕೆಟ್ಟು ಇಂದಿಗೂ ನೆಮ್ಮದಿಯಾಗಿ ಉಕ್ಕುತ್ತಿತ್ತು.

ಕೊನೆಗೆ ಕಡಲು ಬಂತು. ಊರಿನಿಂದ ಸ್ವಲ್ಪ ಹೊರಗೆ, ದಡದಲ್ಲಿ ಕರಿಬಂಡೆಗಳು ಹರಡಿಕೊಂಡ ಜಾಗ. ಅತ್ತೆ ಕೈಮುಗಿದರು. ಮಾವ ಸೊಂಟದ ಮೇಲೆ ಕೈಯಿಟ್ಟು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ನಮ್ಮ ಸೀಮೆಯವರು ದೊಡ್ಡ ನೀರನ್ನು ನೋಡುವ ಕ್ರಮವೇ ಹಾಗೆ: ಮೊದಲು ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಎತ್ತ ಹರಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳುವುದು. ಇಲ್ಲಿ ಏರಿಯೂ ಇಲ್ಲ, ತೂಬೂ ಇಲ್ಲ. ಇಷ್ಟು ನೀರನ್ನು ಯಾವ ಏರ್ಪಾಟೂ ಇಲ್ಲದೆ ಬಯಲಲ್ಲಿ ಬಿಟ್ಟಿರುವುದು ಅವರಿಗೆ ಬೇಜವಾಬ್ದಾರಿಯೆಂದು ಕಂಡಿತು. ಆದರೂ ಒಂದು ಕಡ್ಡಿ ಹುಡುಕಿ ತಂದು ನೀರಂಚಿನಲ್ಲಿ ನೆಟ್ಟರು. ಕೆರೆಗೆ ನೀರು ಬರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಅವರು ಚಿಕ್ಕಂದಿನಿಂದ ಮಾಡುತ್ತಿದ್ದುದು ಹಾಗೆಯೇ. ಎರಡು ಅಲೆ ಬರುವಷ್ಟರಲ್ಲಿ ಕಡ್ಡಿಯೇ ಇರಲಿಲ್ಲ. “ಗಟ್ಟಿಯಾಗಿ ನೆಡಲಿಲ್ಲ” ಎಂದರು ಮಾವ.

ಅಷ್ಟರಲ್ಲಿ ಅತ್ತೆ ಕೈಚೀಲ ಬಿಚ್ಚಿದರು. ಹೊರಬಂದದ್ದು ಮೊರ. ಅದರೊಳಗೆ ಅರಿಶಿನ, ಕುಂಕುಮ, ಹಸಿರು ಬಳೆ, ಕುಪ್ಪಸದ ಕಣ, ಅಕ್ಕಿ, ತೆಂಗಿನಕಾಯಿ, ನಮ್ಮ ದೇವನಹಳ್ಳಿಯ ಒಂದು ಚಕ್ಕೋತ ಹಣ್ಣು. ಬಾಗಿನ! ನಮ್ಮ ಕಡೆ ಕೆರೆ ತುಂಬಿದರೆ ಹೆಂಗಸರು ಸೇರಿ ಬಾಗಿನ ಬಿಡುತ್ತಾರೆ. ತುಂಬುವುದೇ ಎಷ್ಟೋ ವರ್ಷಕ್ಕೊಮ್ಮೆ. ತುಂಬಿದ ಕೆರೆಯನ್ನು ಬರಿಗೈಯಲ್ಲಿ ನೋಡಿ ಬರುವುದು ಬಾಣಂತಿಯನ್ನು ಬರಿಗೈಯಲ್ಲಿ ನೋಡಿ ಬಂದ ಹಾಗೆ.

“ಇಷ್ಟು ತುಂಬಿರೋ ನೀರಿಗೆ ಇಲ್ಲಿಯವರು ಬಾಗಿನ ಬಿಡೋದೇ ಇಲ್ವಂತಾ?” ಎಂದು ಅತ್ತೆ ದಿವಾಕರಣ್ಣನನ್ನು ವಿಚಾರಿಸಿದರು.

“ಇದು ಯಾವಾಗಲೂ ತುಂಬಿಯೇ ಇರ್ತದಲ್ಲ ಅಮ್ಮ. ದಿನಾ ಬಿಟ್ಟರೆ ನಾವು ಉಳಿಯುವುದುಂಟಾ?”

ಅತ್ತೆ ಮೊರವನ್ನು ನೀರಿನ ಮೇಲಿಟ್ಟು ಕೈಮುಗಿದರು. ಕೆರೆಯಾಗಿದ್ದರೆ ಅದು ಗಂಭೀರವಾಗಿ ತೇಲಿಕೊಂಡು ಹೋಗುತ್ತಿತ್ತು. ಸಮುದ್ರ ಅದನ್ನು ಒಂದು ಕ್ಷಣ ಒಳಗೆಳೆದು, ಪರೀಕ್ಷಿಸಿ, ಮುಂದಿನ ಅಲೆಯಲ್ಲಿ ಅತ್ತೆಯ ಪಾದದ ಬಳಿಗೇ ತಂದಿಟ್ಟಿತು. ಮತ್ತೆ ಬಿಟ್ಟರು, ಮತ್ತೆ ಬಂತು. ಈ ಸಲ ಚಕ್ಕೋತ ಬೇರೆಯಾಗಿ, ಫುಟ್‌ಬಾಲಿನಂತೆ ಉರುಳುತ್ತ ಬಂದು ನನ್ನ ಕಾಲಿಗೆ ಬಡಿಯಿತು. ಅತ್ತೆಯ ಮುಖ ಕೆಂಪಾಯಿತು. ಕೊಟ್ಟ ಬಾಗಿನವನ್ನು ಮುಖಕ್ಕೆ ಹಿಂತಿರುಗಿಸುವುದೆಂದರೆ ನಮ್ಮಲ್ಲಿ ಅದು ತಲೆಮಾರುಗಳ ಕಾಲ ಮಾತು ಬಿಡುವಂಥ ಅವಮಾನ.

“ದಡದಲ್ಲಿ ನಿಂತು ಎಸೆದ್ರೆ ಯಾರು ತಗೋತಾರೆ? ನಾನಾದ್ರೂ ತಗೊಳ್ಳಲ್ಲ. ಒಳಗೆ ಹೋಗಿ ಮರ್ಯಾದೆಯಾಗಿ ಕೊಡ್ಬೇಕು,” ಎಂದವರೇ ಅತ್ತೆ ಎಲ್ಲವನ್ನೂ ಮತ್ತೆ ಮೊರಕ್ಕೆ ತುಂಬಿಕೊಂಡು, ನೀರಿನಾಚೆ ಇದ್ದ ಒಂದು ಚಪ್ಪಟೆ ಬಂಡೆಯನ್ನು ತೋರಿಸಿದರು. ಅಲ್ಲಿಗೆ ಆಗ ಪಾದ ಮುಳುಗುವಷ್ಟೇ ನೀರು. ಅವರೂ ಮಾವನೂ ಚಪ್ಪಲಿ ಬಿಚ್ಚಿ, ಅವನ್ನೂ ಚೀಲ, ಕನ್ನಡಕ, ಫೋನುಗಳನ್ನೂ ನನ್ನ ಕೈಗೆ ಕೊಟ್ಟು ಹೊರಟರು. ದಿವಾಕರಣ್ಣ ಕೂಗಿದರು: “ಹೆಚ್ಚು ಹೊತ್ತು ಬೇಡ ಮಾರಾಯ್ರೆ! ನೀರು ಏರ್ತದೆ!”

ಮಾವ ನಡುನೀರಿನಲ್ಲಿ ನಿಂತು ತಿರುಗಿದರು. “ಮೋಡ ಇಲ್ಲ, ಮಳೆ ಇಲ್ಲ, ನೀರು ಹೆಂಗಪ್ಪಾ ಏರುತ್ತೆ? ಇದಕ್ಕಿಂತ ಮೇಲಿನ ಕೆರೆ ಯಾವ್ದಾದ್ರೂ ಒಡೆದ್ಹೋಗಿದ್ಯಾ?”

ಈಗ ನಗು ಬರುತ್ತದೆ. ಆದರೆ ಆ ಮಾತಿನಲ್ಲಿ ನಮ್ಮ ಸೀಮೆಯ ಇಡೀ ಜಲಶಾಸ್ತ್ರ ಅಡಗಿದೆ. ನಮಗೆ ನೀರೆಂದರೆ ಮೇಲಿನಿಂದ ಬರುವುದು. ಮಳೆ ಬಂದರೆ ಮೇಲಿನೂರಿನ ಕೆರೆ ತುಂಬಿ, ಅದರ ಕೋಡಿ ನೀರು ನಮ್ಮ ಕೆರೆಗೆ, ನಮ್ಮದು ಕೆಳಗಿನವರಿಗೆ. ಬಿಸಿಲಲ್ಲಿ, ತಿಳಿ ಆಕಾಶದ ಕೆಳಗೆ, ಯಾವ ಕಾರಣವೂ ಇಲ್ಲದೆ ನೀರು ತನ್ನಷ್ಟಕ್ಕೆ ಏರುತ್ತದೆ ಎಂದರೆ ಅದು ಸಾಲದ ಬಡ್ಡಿಯಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಬಿ.ಎ.ಯಲ್ಲಿ ಭೂಗೋಳ ಓದಿದ ನನಗಾದರೂ ಹೊಳೆಯಬೇಕಿತ್ತು. ಉಬ್ಬರವಿಳಿತದ ಪ್ರಶ್ನೆಗೆ ಚಂದ್ರನನ್ನೂ ಭೂಮಿಯನ್ನೂ ಬಳೆ ಇಟ್ಟು ದುಂಡಗೆ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಆದರೆ ನನ್ನ ಚಿತ್ರದಲ್ಲಿ ಬಂಡೆಯ ಮೇಲೆ ಯಾರ ಅತ್ತೆಯೂ ಕೂತಿರಲಿಲ್ಲ.

ಅತ್ತೆ ಕೂತರು. ಅರ್ಜೆಂಟಿನ ಪೂಜೆಯಲ್ಲ ಅದು. ಊದುಬತ್ತಿ ಹಚ್ಚಲು ಗಾಳಿ ಬಿಡಲಿಲ್ಲ. ಮಾವ ಪಂಚೆಯನ್ನು ಪರದೆಯಂತೆ ಹಿಡಿದರು. ಬೆಂಕಿಪೊಟ್ಟಣ ಅರ್ಧ ಖಾಲಿಯಾಯಿತು. ಆಮೇಲೆ ಹಾಡು. ಅತ್ತೆಗೆ ಗಂಗೆಯ ಹಾಡು ಉದ್ದಕ್ಕೂ ಬಾಯಿಗೆ ಬರುತ್ತದೆ, ಮತ್ತು ಅವರು ಯಾವ ನುಡಿಯನ್ನೂ ಬಿಡುವವರಲ್ಲ. ನಾನು ದಡದಲ್ಲಿ ಸಾಮಾನು ಹೊತ್ತು ನಿಂತು ನೋಡುತ್ತಿದ್ದೆ. ಪಾದ ಮುಳುಗುತ್ತಿದ್ದ ಜಾಗದಲ್ಲಿ ಈಗ ನೀರು ಸುಳಿಯುತ್ತಿರುವುದು, ಪಕ್ಕದ ಸಣ್ಣ ಬಂಡೆ ಇಲ್ಲವಾಗಿರುವುದು ಕಣ್ಣಿಗೆ ಬಿತ್ತು. ಕಣ್ಣಿಗೆ ಬಿದ್ದದ್ದು ಬುದ್ಧಿಗೆ ತಲುಪಲು ತಡವಾಯಿತು. ತಲುಪಿದಾಗ ಚಂದ್ರ, ಭೂಮಿ, ಬಾಣ ಎಲ್ಲ ಒಟ್ಟಿಗೆ ತಲೆಯಲ್ಲಿ ತಿರುಗಿದವು.

“ಅತ್ತೇ! ಬನ್ನೀ! ನೀರು!”

ಅತ್ತೆ ಕೈ ಬೀಸಿದರು. ಫೋಟೋ ತೆಗೆಯುತ್ತಿದ್ದೇನೆ ಎಂದುಕೊಂಡರಂತೆ.

ಆಗ ಬಂತು ಆ ಅಲೆ. ಬೇರೆಲ್ಲ ಅಲೆಗಳಂತೆಯೇ ಹೊರಟದ್ದು, ಬಂಡೆಯ ಹತ್ತಿರ ಬಂದು ಏನೋ ನೆನಪಾದಂತೆ ಎದ್ದು ನಿಂತಿತು. ಬೆಳ್ಳಗೆ ಒಂದು ಗೋಡೆ. ಗೋಡೆಯ ಹಿಂದೆ ಅತ್ತೆಯೂ ಇಲ್ಲ, ಮಾವನೂ ಇಲ್ಲ. ಅದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಆ ಗೋಡೆ ನನ್ನೊಳಗೆ ಇನ್ನೂ ಪೂರ್ತಿ ಇಳಿದಿಲ್ಲ. ಅನ್ನಕ್ಕೆ ನೀರು ಇಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಆಫೀಸಿನ ಮೀಟಿಂಗಿನಲ್ಲಿ ಯಾರೋ ಬಿಳಿಯ ಪರದೆ ಇಳಿಬಿಟ್ಟಾಗ, ಅದು ಏಳುತ್ತದೆ. ನಾನು ಅದು ಬೀಳುವುದನ್ನೇ ಕಾಯುತ್ತೇನೆ. ಅಂದು ಕೊನೆಗೆ ಬಿತ್ತು. ಇಬ್ಬರೂ ಬಂಡೆಯನ್ನು ತಬ್ಬಿಕೊಂಡು ಕೂತಿದ್ದರು. ಮಾವನ ಪಂಚೆ ಹೋಗಿತ್ತು. ಪಟ್ಟೆ ಚಡ್ಡಿ ದೂರಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಮೊರವನ್ನು ತಲೆಯ ಮೇಲೆ ಒತ್ತಿ ಹಿಡಿದಿದ್ದರು.

ನಾನು ದಿವಾಕರಣ್ಣನನ್ನು ಹಿಡಿದು ಅಲುಗಿಸಿದೆ. “ಹೋಗಿ, ಈಜಿ!”

“ನಂಗೆ ಈಜು ಬರುವುದಿಲ್ಲ ಮಾರಾಯ್ರೆ! ನಾನು ಡ್ರೈವರ್!” ಅವರ ಕಣ್ಣಲ್ಲಿಯೂ ನೀರಿತ್ತು. ಆದರೆ ಅಷ್ಟು ಹೇಳಿ ಕಾರಿನತ್ತ ಓಡಿದರು. ಕೆಟ್ಟ ಗಾಡಿ ಎಳೆಯುವ ಹಗ್ಗ ಹಿಡಿದು, ದೂರದಲ್ಲಿ ಕ್ರಿಕೆಟ್ ಆಡುತ್ತಿದ್ದ ಗಂಡಸರನ್ನೆಲ್ಲ ತುಳುವಿನಲ್ಲಿ ಕೂಗಿ ಕರೆಯುತ್ತ ವಾಪಸು ಬಂದರು. ಬ್ಯಾಟ್ ಬಿಸಾಡಿ ಇಡೀ ತಂಡ ಓಡಿಬಂತು. ಬೌಲರ್ ಎತ್ತರದ ಆಳು, ಹಗ್ಗದ ತುದಿ ಹಿಡಿದು ಮುಂದೆ. ಅವನ ಸೊಂಟ ಹಿಡಿದು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕೊನೆಯಲ್ಲಿ ದಡದ ಮೇಲೆ ದಿವಾಕರಣ್ಣ. ಇದರಲ್ಲಿ ನನ್ನ ಪಾತ್ರ ಏನೆಂದು ನೀವು ಕೇಳಬಹುದು. ನಾನು ಎರಡು ಜೊತೆ ಚಪ್ಪಲಿಯನ್ನು ಎದೆಗೆ ಅವುಚಿಕೊಂಡು ಗಟ್ಟಿಯಾಗಿ ಅಳುತ್ತಿದ್ದೆ. ಕೆಳಗಿಡಬಹುದೆಂದು ಹೊಳೆಯಲಿಲ್ಲ.

ಮಾವ ಹಗ್ಗ ಹಿಡಿದು ಬಂದರು. ಅತ್ತೆ ಎದೆಮಟ್ಟದ ನೀರಿಗೆ ಇಳಿದರು, ಆದರೆ ಒಂದೇ ಕೈಯಲ್ಲಿ ಹಗ್ಗ. ಇನ್ನೊಂದು ಕೈ ಮೊರಕ್ಕೆ. ಅಲೆ ಬಂದಾಗ ಕಾಲು ತಪ್ಪಿ ಕೊರಳವರೆಗೂ ಹೋದರು.

“ಅಮ್ಮಾ, ಅದನ್ನು ಬಿಡಿ! ಎರಡು ಕೈಯಲ್ಲಿ ಹಿಡಿಯಿರಿ!” ಬೌಲರ್ ಕಿರುಚಿದ.

“ಇರಪ್ಪಾ, ಹೇಳ್ತಾ ಇದೀನಿ!”

“ಯಾರಿಗೆ?”

“ಗಂಗಮ್ಮಂಗೆ!”

“ಲೇ ಸಾವಿತ್ರೀ,” ದಡದಿಂದ ಮಾವ ಗುಡುಗಿದರು, “ದಮ್ಮಯ್ಯ ಅಂತೀನಿ, ಬಿಟ್ಬಿಡೇ!” ಅವರು ಹೆಂಡತಿಗೆ ದಮ್ಮಯ್ಯ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪ್ರಾಯಶಃ ಅತ್ತೆಯೂ ಅದೇ ಮೊದಲು ಕೇಳಿದ್ದು. ಬೆರಗಾಗಿ ಗಂಡನ ಕಡೆ ನೋಡಿದರು. ನೋಡುತ್ತಲೇ ಮೊರ ಬಿಟ್ಟರು. ಎರಡೂ ಕೈ ಹಗ್ಗಕ್ಕೆ ಬಂತು. ತಂಡ ಒಂದೇ ಸಲ ಎಳೆಯಿತು. ಅತ್ತೆ ದಡಕ್ಕೆ ಬಂದು ಬಿದ್ದು, ಉಸಿರು ತೆಗೆದುಕೊಂಡು, ತಿರುಗಿ ನೋಡಿದರು. ಮೊರ ಬಂಡೆಯನ್ನು ದಾಟಿ ಆಚೆ ತೇಲಿ ಹೋಗುತ್ತಿತ್ತು.

“ತಗೊಂಡ್ಳು,” ಎಂದರು ಅತ್ತೆ.

ಆಮೇಲೆ ಮಾವ ದಿವಾಕರಣ್ಣನ ಮಡಿಚಿಟ್ಟ ಲುಂಗಿ ಉಟ್ಟುಕೊಂಡು, ಉಳಿದ ಪಾಯಿಂಟುಗಳನ್ನೂ ನೋಡಲೇಬೇಕೆಂದು ಹಟ ಹಿಡಿದರು. ದೀಪಸ್ತಂಭದ ಮುಂದೆ ತೆಗೆದ ಫೋಟೋದಲ್ಲಿ ಇಬ್ಬರೂ ಒಗೆದು ಹಿಂಡದೆ ಒಣಹಾಕಿದ ಬಟ್ಟೆಯಂತೆ ನಿಂತಿದ್ದಾರೆ, ನಗುತ್ತಿದ್ದಾರೆ. ನಾನು ಮಾತ್ರ ಒಣ ಬಟ್ಟೆಯಲ್ಲಿ ನಡುಗುತ್ತಿದ್ದೇನೆ.

ಹೋದ ವಾರ ಕುಂದಾಣಕ್ಕೆ ಹೋಗಿದ್ದೆ. ಅತ್ತೆಯ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಅವರೆಕಾಯಿ ಬಿಡಿಸುತ್ತ ಸಮುದ್ರದ ಕಥೆ ಕೇಳುತ್ತಿದ್ದರು. ಅತ್ತೆಯ ಕಥೆಯಲ್ಲಿ ಅಲೆಯ ಗೋಡೆ ಇಲ್ಲ, ಹಗ್ಗ ಇಲ್ಲ, ಪಟ್ಟೆ ಚಡ್ಡಿಯಂತೂ ಇಲ್ಲವೇ ಇಲ್ಲ. ಗಂಗಮ್ಮ ತಾನಾಗಿ ಬಂಡೆಯ ತನಕ ಎದ್ದು ಬಂದು ಬಾಗಿನ ತೆಗೆದುಕೊಂಡಳು, ಅಷ್ಟೇ.

“ಭಯ ಆಗ್ಲಿಲ್ವಾ ಸಾವಿತ್ರಕ್ಕಾ?” ಒಬ್ಬಾಕೆ ಕೇಳಿದರು.

“ಯಾಕ್ ಭಯ? ಗಾಳಿ ಚೆನ್ನಾಗಿತ್ತು, ಇನ್ನೂ ಸ್ವಲ್ಪ ಹೊತ್ತು ಕೂತ್ಕೊಂಡಿರ್ತಿದ್ದೆ. ಆದ್ರೆ ಈ ಹುಡುಗಿ ದಡದಲ್ಲಿ ನಿಂತ್ಕೊಂಡು ಒಂದೇ ಸಮ ಅಳ್ತಿತ್ತು ನೋಡು. ಎಲ್ಲಿ ಹೆದರಿ ಜ್ವರ ಬರಿಸ್ಕೊಂಡ್ಬಿಡುತ್ತೋ ಅಂತ ಎದ್ದು ಬಂದ್ಬಿಟ್ಟೆ.”

ಎಲ್ಲರೂ ನನ್ನತ್ತ ಕನಿಕರದಿಂದ ನೋಡಿದರು. ನಾನು ಬಾಯಿ ತೆರೆದೆ. ಚಂದ್ರ, ಭೂಮಿ, ಬಾಣ ಎಲ್ಲವನ್ನೂ ಹೇಳಿ ವಾದಿಸುವಷ್ಟು ಓದು ನನ್ನಲ್ಲಿತ್ತು. ಅಷ್ಟರಲ್ಲಿ ಒಬ್ಬಾಕೆ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದರು. “ಘಾಟೇ ಬರ್ಲಿಲ್ಲ ನೋಡ್ರೇ, ಪಾಪ, ಎಷ್ಟು ದೃಷ್ಟಿ ಆಗಿತ್ತು ಮಗೂಗೆ!” ಎಂದು ಎಲ್ಲರೂ ಲೊಚಗುಟ್ಟಿದರು. ಅತ್ತೆ ನನ್ನ ಪಕ್ಕಕ್ಕೆ ಸರಿದು ಬೆನ್ನು ಸವರತೊಡಗಿದರು. ಕೈಗೆ ಅವರೆಕಾಯಿಯ ಸೊಗಡಿತ್ತು, ಬೆಚ್ಚಗಿತ್ತು. ನಾನು ಬಾಯಿ ಮುಚ್ಚಿಕೊಂಡು, ಸಮುದ್ರದಿಂದ ಪಾರಾಗಿ ಬಂದವಳಂತೆ, ಸುಮ್ಮನೆ ಸವರಿಸಿಕೊಂಡೆ.