ಮೊಳೆಬಾಯಿಯ ಬಲಗೆನ್ನೆ

ನಮ್ಮಣ್ಣನ ಕಸುಬು ಹಳೇ ಸೋಫಾ ಬಿಚ್ಚಿ ಹೊಸ ಬಟ್ಟೆ ಹಾಕುವುದು. ಬಟ್ಟೆ ಕತ್ತರಿಸಿ ಹೊಲಿದುಕೊಡುವುದು ನನ್ನ ಪಾಲಿನ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಂದೇ ಶೆಡ್ಡಿನಲ್ಲಿ ಅವನು ನನ್ನ ಮಿಷನ್ನಿನ ಎದುರಿಗೇ ಮಂಡಿಯೂರಿ ಕೂತಿರುತ್ತಾನೆ. ಕಟ್ಟಿಕೊಂಡ ಗಂಡನ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿಲ್ಲ.

ಗಿರಾಕಿಗಳು ಅವನಿಗಿಟ್ಟ ಹೆಸರು ಮೊಳೆಬಾಯಿ. ಒಂದು ಹಿಡಿ ಸಣ್ಣ ಮೊಳೆಗಳನ್ನು ಎಡಗೆನ್ನೆಗೆ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿ, ಪಟಪಟ ಹೊಡೆಯುತ್ತಾ ಹೋಗುತ್ತಾನೆ. ಬಲಗೆನ್ನೆ ಸುಮ್ಮನೆ ಖಾಲಿ ಯಾಕಿರಬೇಕು, ಅಲ್ಲಿ ತಂಬಾಕು. ಎರಡೂ ಕಡೆ ಭರ್ತಿಯಾದ ಮೇಲೆ ಮಾತಿಗೆ ಜಾಗವೆಲ್ಲಿ? ಇವತ್ತು ಆಗುತ್ತಾ ಅಂದರೂ "ಹೂಂ", ನಾಳೆಗಾ ಅಂದರೂ "ಹೂಂ". ಆಮೇಲೆ ಬೈಸಿಕೊಳ್ಳುವವಳು ನಾನು.

ತಂಬಾಕು ಬಿಡಿ ಅಂತ ಹೇಳಿ ಹೇಳಿ ಅತ್ತಿಗೆ ಕೈಚೆಲ್ಲಿದ್ದರು. ನಾನಂತೂ ದಾರ ತರಲು ಹೋದಾಗ ಅವನ ಪೊಟ್ಟಣವನ್ನೂ ತರುತ್ತಿದ್ದೆ. ಅದಿಲ್ಲದಿದ್ದರೆ ಸಿಡಿಮಿಡಿ ಮಾಡುತ್ತಾನೆ ಅಂತ. ತಪ್ಪು ನನ್ನದೂ ಇದೆ, ಯಾಕೆ ಮುಚ್ಚಿಡಲಿ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಖಾರ ಇದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿದ.

"ಏನಾಯ್ತು?"

"ಮೊಳೆ ಚುಚ್ಚಿದೆ. ಎರಡು ದಿನದಲ್ಲಿ ಹೋಗುತ್ತೆ ಬಿಡು."

ಮೊಳೆ ಚುಚ್ಚುವುದು ಅವನಿಗೆ ಹೊಸದಲ್ಲ, ನಾಲ್ಕು ದಿನದಲ್ಲಿ ತಾನಾಗಿ ಮಾಯುತ್ತಿತ್ತು. ಇದು ಮೂರನೇ ವಾರಕ್ಕೆ ಬಿದ್ದರೂ ಮಾಯಲಿಲ್ಲ. ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಕೆನ್ನೆಯ ಒಳಗೆ ಬೆಳ್ಳಗೆ ದಪ್ಪಗಟ್ಟಿದ ಕಲೆ, ಅದರ ನಡುವೆ ಕೆಂಪು ಹುಣ್ಣು.

"ಅಣ್ಣಾ, ನೀನು ಮೊಳೆ ಇಟ್ಕೊಳ್ಳೋದು ಎಡಗಡೆ. ಹುಣ್ಣು ಬಲಗಡೆ ಇದೆಯಲ್ಲ."

"ಒಂದೊಂದ್ಸಲ ಆ ಕಡೆಗೂ ಹೋಗುತ್ತೆ."

"ನನ್ನ ಹತ್ರ ಹೇಳ್ಬೇಡ. ಒಂದಿನಾನೂ ಹೋಗಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಲಿಯುತ್ತಿದ್ದ ಕವರನ್ನು ಅಲ್ಲೇ ಬಿಟ್ಟು, ಶಟರ್ ಎಳೆದು, ಅವನನ್ನು ಹಲ್ಲಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಕೆನ್ನೆ ಒತ್ತಿ, ಕುತ್ತಿಗೆ ತಡವಿ ನೋಡಿದರು. "ಎರಡು ವಾರ ದಾಟಿದ ಹುಣ್ಣನ್ನ ಮನೇಲಿ ಇಟ್ಕೊಂಡು ಕೂರಬಾರದು" ಅಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಹತ್ತು ದಿನ. ಕ್ಯಾನ್ಸರ್ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ಎರಡು ದಿಂಬಿನ ಕವರನ್ನು ತಿರುವುಮುರುವು ಹೊಲಿದೆ.

ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗಬಹುದಾಗಿತ್ತು ಅಂದರು. ಆ ಭಾಗವನ್ನು ಕೊಯ್ದು ತೆಗೆದರು, ಮೊನಚಾಗಿದ್ದ ಒಂದು ಮುರುಕು ಹಲ್ಲನ್ನೂ ಉಜ್ಜಿ ನುಣುಪು ಮಾಡಿದರು. ತಂಬಾಕು, ಸಿಗರೇಟು ಎರಡೂ ಬೇಡ, ಅದರ ಬದಲು ಕುಡಿಯುವುದು ಶುರುಮಾಡಲೂ ಬೇಡ ಅಂದರು. ತಟ್ಟೆಯಲ್ಲಿ ದಿನಾ ತರಕಾರಿ, ಹಣ್ಣು ಇರಲಿ, ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳಿ, ಮೂರು ತಿಂಗಳಿಗೊಮ್ಮೆ ನನಗೆ ತೋರಿಸಿ ಅಂದರು. ಮೊಳೆಯನ್ನೂ ಬಾಯಿಗೆ ಹಾಕಬೇಡಿ ಅಂದಾಗ ಮಾತ್ರ ಅಣ್ಣನ ಮುಖ ಸಪ್ಪಗಾಯಿತು.

ಬಿಡುವುದು ಸುಲಭವಾಗಲಿಲ್ಲ. ಒಮ್ಮೆ ಸ್ಪಂಜಿನ ರಾಶಿಯ ಹಿಂದೆ ಕದ್ದು ಹಾಕಿಕೊಂಡ. ವಾಸನೆ ಹಿಡಿದು ಪೊಟ್ಟಣವನ್ನು ಚರಂಡಿಗೆ ಎಸೆದೆ. ಅತ್ತಿಗೆ ಸೌತೆಕಾಯಿ ಹೆಚ್ಚಿ ಡಬ್ಬಿಗೆ ಹಾಕಿ ಕಳಿಸತೊಡಗಿದರು. ಈಗ ಎಂಟು ತಿಂಗಳಾಯಿತು, ಮುಟ್ಟಿಲ್ಲ. ಮೊಳೆ ಈಗ ಮಣಿಕಟ್ಟಿಗೆ ಕಟ್ಟಿಕೊಂಡ ಆಯಸ್ಕಾಂತದ ಪಟ್ಟಿಗೆ ಅಂಟಿಕೊಂಡಿರುತ್ತದೆ. ಬಾಯಿ ಖಾಲಿಯಾದ ಮೇಲೆ ಶುರುವಾದ ಮಾತು ನಿಂತೇ ಇಲ್ಲ, ನನ್ನ ತಲೆ ಚಿಟ್ಟುಹಿಡಿದಿದೆ.

ಮೊನ್ನೆ ಒಂದನೇ ತಾರೀಖು ತನ್ನ ಬಾಯಿ ನೋಡಿಕೊಂಡು ಮುಗಿಸಿ, "ಇನ್ನು ನಿಂದು. ತೆಗಿ" ಅಂದ.

"ನಾನೇನು ತಂಬಾಕು ತಿಂತೀನಾ?"

"ತಿನ್ನದೇ ಇರೋರಿಗೂ ಬರಬಹುದಂತೆ. ನಾಲಿಗೆ ಎತ್ತು."

ಎತ್ತಿದೆ. ಟಾರ್ಚ್ ಹಿಡಿದು ಒಳಗೆ ನೋಡುತ್ತಲೇ ಮೆಲ್ಲಗೆ ಅಂದ, "ಅದು ಮೊಳೆ ಚುಚ್ಚಿದ್ದಲ್ಲ ಅಂತ ನಂಗೆ ಮೊದಲನೇ ದಿನವೇ ಗೊತ್ತಿತ್ತು ಕಣೆ. ಹೆದರಿಕೆ ಆಗಿತ್ತು. ನೀನಾದ್ರೂ ಹಿಡ್ಕೊಂಡು ಕೇಳ್ತೀಯೇನೋ ಅಂತ ಕಾಯ್ತಿದ್ದೆ."

ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಕಣ್ಣು ತುಂಬಿಕೊಂಡಿತು. ಅವನು ಇನ್ನೊಂದು ಕೆನ್ನೆಯನ್ನೂ ನೋಡಿ, "ಏನಿಲ್ಲ" ಅಂದ.