ಬಾಗಿಲ ಹೊರಗಿನ ಬೀಗದಕೈ

ಮಾಲ್ಟಾ ದೇಶಕ್ಕೆ ಸೇರಿದ ಚಿಕ್ಕ ದ್ವೀಪ ಗೋಜೊ. ಗೋಜೊದ ಪಡುವಣ ತುದಿಗೆ ಆರ್ಬ್ ಎಂಬ ಊರು. ಆರ್ಬಿನ ಇಗರ್ಜಿಯ ಹಿಂದಿನ ಓಣಿಗೆ ಕೊನೆಯ ಮನೆ ಚೆನ್ಸಾ ಎಂಬ ಹೆಂಗಸಿನದು. ಅದರಾಚೆ ಕಲ್ಲುಗೋಡೆ, ಪಾಪಾಸುಕಳ್ಳಿ, ಆಮೇಲೆ ಸಮುದ್ರ.

ಆ ಊರಲ್ಲಿ ಬೆಳಗಾಯಿತೆಂದರೆ ಬೀಗದಕೈಯನ್ನು ಬಾಗಿಲ ಹೊರಗಡೆಗೆ ಸಿಕ್ಕಿಸಿಬಿಡುತ್ತಾರೆ. ಇದ್ದರೆ ಮನೆಯಲ್ಲಿ ಜನರಿದ್ದಾರೆ, ತಿರುಗಿಸಿಕೊಂಡು ಒಳಗೆ ಬಾ ಎಂದು. ಇಲ್ಲದಿದ್ದರೆ ಮನೆ ಖಾಲಿ. ಬಾಗಿಲು ತಟ್ಟುವವರು ಪೊಲೀಸರು, ತಪ್ಪಿದರೆ ಪರವೂರಿನವರು.

ಹರೆಯದಲ್ಲಿ ಚೆನ್ಸಾಳನ್ನು ಕಲ್ಲುಗಣಿಯವನೊಬ್ಬ ಕೇಳಿಕೊಂಡು ಬಂದಿದ್ದ. ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋಗೋಣ ಎಂದ. ತಾಯಿ ಹಾಸಿಗೆ ಹಿಡಿದಿದ್ದಳು. ಅವನು ಹೋದ, ಇವಳು ಉಳಿದಳು. ತಾಯಿಯ ನಂತರ ಮನೆಯಲ್ಲಿ ಉಳಿದದ್ದು ಅವಳು, ಅವಳ ತಮ್ಮ ವಿಸ್ತೀನ್, ಮತ್ತೆ ದಿಂಬಿನ ಮೇಲೆ ಲೇಸು ಹೆಣೆಯುವ ಮರದ ಕಡ್ಡಿಗಳ ಕಟಕಟ ಸದ್ದು. ವಿಸ್ತೀನ್ ಹಡಗಿನಲ್ಲಿ ಹಗ್ಗ ಎಳೆಯುವವನು. ಬೀಗದಕೈಗೆ ಹಿತ್ತಾಳೆಯ ಪದಕ ಕಟ್ಟಿದ್ದವನು ಅವನೇ. ಯಾರು ತಿರುಗಿಸಿದರೂ ಅದು ಕಿಣಿಕಿಣಿ ಅನ್ನಬೇಕು, ಅಕ್ಕ ಹಿತ್ತಲಲ್ಲಿದ್ದರೂ ಕೇಳಬೇಕು. ಸಮುದ್ರದ ತೇವಕ್ಕೆ ಉಬ್ಬಿದ ಬಾಗಿಲು ಬರೀ ಬೀಗದಕೈಗೆ ಮಣಿಯುತ್ತಿರಲಿಲ್ಲ. ತಿರುಗಿಸಿ, ಕೊಂಚ ಎತ್ತಿ, ಭುಜದಿಂದ ಒಂದು ಗುದ್ದು ಕೊಡಬೇಕು. ಓಣಿಯವರೆಲ್ಲರ ಭುಜಕ್ಕೂ ಆ ಗುದ್ದು ಗೊತ್ತಿತ್ತು.

ಒಂದು ಚಳಿಗಾಲದಲ್ಲಿ ವಿಸ್ತೀನನೂ ತೀರಿಕೊಂಡ. ಅಷ್ಟು ಹೊತ್ತಿಗೆ ಓಣಿಯೂ ಬರಿದಾಗಿತ್ತು. ಆಚೀಚೆ ಮನೆಗಳೆಲ್ಲ ರಜೆಗೆ ಬರುವವರ ಪಾಲಾಗಿ, ಹಿತ್ತಲಿಗೆ ಈಜುಕೊಳ, ಬಾಗಿಲಿಗೆ ಅಂಕಿ ಒತ್ತುವ ಬೀಗ ಬಂದಿದ್ದವು. ಚೆನ್ಸಾ ಮಾತ್ರ ಬೆಳಗ್ಗೆ ಎದ್ದು ಬೀಗದಕೈ ಹೊರಗೆ ಸಿಕ್ಕಿಸುವುದನ್ನು ಬಿಡಲಿಲ್ಲ. ಪದಕ ಗಾಳಿಗೆ ಅಲ್ಲಾಡುತ್ತಿತ್ತೇ ಹೊರತು ಒಂದು ಕೈಯೂ ಅದನ್ನು ಮುಟ್ಟಲಿಲ್ಲ.

ದಿನಾ ಹತ್ತುಗಂಟೆಯ ಮೇಲೆ ಒಂದು ಬಸ್ಸು ಇಗರ್ಜಿಯ ಮುಂದೆ ನಿಲ್ಲುತ್ತಿತ್ತು. ಪ್ರವಾಸಿಗರನ್ನು ಕರೆದುಕೊಂಡು ಓಣಿಗೆ ಬರುವವನು ನಾರ್ದು. ಪಕ್ಕದ ಮನೆಯ ಹುಡುಗನೇ. ಚಿಕ್ಕವನಿದ್ದಾಗ ಇವಳ ಅಡುಗೆಮನೆಯಲ್ಲಿ ಕೂತು ಕಾಫಿಗೆ ಬಿಸ್ಕತ್ತು ಅದ್ದಿ ಅದ್ದಿ ತಿಂದವನು. ಈಗ ತಲೆ ನರೆತಿದೆ, ದ್ವೀಪದ ನಡುವಿನ ರಬಾತ್ ಪೇಟೆಯಲ್ಲಿ ಮನೆ ಮಾಡಿದ್ದಾನೆ. ಅವನು ಜನರನ್ನು ಚೆನ್ಸಾಳ ಬಾಗಿಲ ಮುಂದೆ ನಿಲ್ಲಿಸಿ, ನಮ್ಮ ದೇಶ ಎಂಥದು ಅಂತ ತಿಳಿಯಬೇಕಾದರೆ ಕೋಟೆ ನೋಡಬೇಡಿ, ಈ ಬೀಗದಕೈ ನೋಡಿ, ಇದು ಯಾರು ಬೇಕಾದರೂ ಒಳಗೆ ಬನ್ನಿ ಅನ್ನುತ್ತೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಜನ ಆಹಾ ಎಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ಒಳಗೆ ಚೆನ್ಸಾಗೆ ಎಲ್ಲ ಕೇಳುತ್ತಿತ್ತು. ಇಂಗ್ಲಿಷು ಅವಳಿಗೆ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ ಅಷ್ಟೆ. ಬಸ್ಸಿನ ಸದ್ದಾದ ಕೂಡಲೇ ಸೋಂಪು, ಲವಂಗ ಹಾಕಿ ಕಾಫಿ ಒಲೆಗಿಟ್ಟು, ಗಾಜಿನ ಲೋಟಗಳನ್ನು ಒರೆಸಿಡುತ್ತಿದ್ದಳು. ತಾನೇ ಹೋಗಿ ಬಾಗಿಲು ತೆರೆಯಬಹುದಿತ್ತು. ಆದರೆ ಬೀಗದಕೈ ಹೊರಗಿದ್ದ ಮೇಲೆ ಬರುವವರೇ ತೆರೆಯಬೇಕು. ಒಳಗಿನವರು ಎದ್ದು ಹೋದರೆ ಬಂದವರನ್ನು ನಂಬಲಿಲ್ಲ ಎಂದ ಹಾಗೆ. ಅವರು ಹೋದ ಮೇಲೆ ಕಾಫಿಯನ್ನು ಒಬ್ಬಳೇ ಕುಡಿಯುತ್ತಿದ್ದಳು.

ಒಂದು ದಿನ ಪದಕ ಕಿಣಿ ಎಂದಿತು. ಚೆನ್ಸಾಳ ಕೈಲಿದ್ದ ಲೋಟ ಅಲ್ಲೇ ನಿಂತಿತು. ಪ್ರವಾಸಿ ಮುದುಕಿಯೊಬ್ಬಳು ಬೀಗದಕೈ ಹಿಡಿದಿದ್ದಳು. ತಿರುಗಿಸುವಷ್ಟರಲ್ಲಿ ನಾರ್ದು ನಗುತ್ತಾ ಹೇಳಿದ್ದು ಸ್ಪಷ್ಟವಾಗಿ ಕೇಳಿತು.

"ಬೇಡಿ ಅಮ್ಮಾ, ತಿರುಗಿಸಬೇಡಿ. ಅದು ಸುಮ್ನೆ ನೋಡೋದಕ್ಕೆ ಇರೋದು."

ಆ ದಿನ ಕಾಫಿ ಒಲೆಯ ಮೇಲೆಯೇ ಆರಿತು.

ಮಾರನೆಯ ಬೆಳಗ್ಗೆ ಬೀಗದಕೈ ಹೊರಗೆ ಬರಲಿಲ್ಲ. ಅವಳ ಮಡಿಲಲ್ಲಿತ್ತು. ಬಸ್ಸು ಬಂತು, ಕಾಲಸಪ್ಪಳ ಬಂತು, ಬಾಗಿಲ ಮುಂದೆ ತಡವರಿಸಿತು. ಆಮೇಲೆ ಯಾರೋ ಬಾಗಿಲು ತಟ್ಟಿದರು.

"ಚೆನ್ಸತ್ತೆ, ನಾನು ನಾರ್ದು. ಹುಷಾರಾಗಿದ್ದೀರಾ?"

"ಸತ್ತಿಲ್ಲ. ಏನು ಬೇಕಾಗಿತ್ತು?"

"ಏನಿಲ್ಲ, ಬೀಗದಕೈ ಕಾಣಲಿಲ್ಲ. ಜನ ಬಂದು ನಿಂತಿದ್ದಾರೆ, ಒಂದು ಗಳಿಗೆ ಸಿಕ್ಕಿಸಿದ್ರೆ..."

"ಬೀಗದಕೈ ಇದ್ರೆ ಏನು ಅರ್ಥವೋ?"

"ನಿಮಗೆ ಗೊತ್ತಿಲ್ವಾ ಅತ್ತೆ? ಒಳಗೆ ಬನ್ನಿ ಅಂತ."

"ದಿನಾ ಅದನ್ನೇ ಹೇಳ್ತೀಯ, ಕೇಳಿಸಿಕೊಳ್ತಾನೇ ಇದ್ದೀನಿ. ವಿಸ್ತೀನ್ ಹೋದಮೇಲೆ ನೀನು ಎಷ್ಟು ಸಲ ಬಂದೆ?"

ಹೊರಗೆ ಕಾಲುಗಳು ಸರಿದಾಡಿದವು. ಒಬ್ಬರು ಕೆಮ್ಮಿದರು. ಚೆನ್ಸಾಗೆ ತಾನು ಬಾಯಿ ಬಿಡಬಾರದಿತ್ತು ಅನ್ನಿಸಿತು. ಬೀಗದಕೈ ಇಲ್ಲದ ಬಾಗಿಲ ಹಿಂದೆ ಕೂತಿರುವುದೂ ಅವಳಿಂದ ಆಗುತ್ತಿರಲಿಲ್ಲ. ತಾನೇ ಇಲ್ಲದ ಮನೆಯಲ್ಲಿ ಕೂತ ಹಾಗೆ. ಎದ್ದು ಹೋಗಿ ಕೈ ಹಿಡಿಸುವಷ್ಟು ಬಾಗಿಲು ಸರಿಸಿ, ಬೀಗದಕೈಯನ್ನು ಚಾಚಿದಳು. ಅವನ ಬೆರಳುಗಳು ಅದನ್ನು ತೆಗೆದುಕೊಂಡವು. ಅವಳು ಬಾಗಿಲು ದೂಡಿ ಮುಚ್ಚಿದಳು. ಹೊರಗೆ ಬೀಗದಕೈ ತನ್ನ ತೂತಿನೊಳಗೆ ಹೋದ ಸದ್ದಾಯಿತು.

ನಾರ್ದು ಅಂದು ಮೆಲ್ಲಗೆ ಮಾತಾಡಿದ. ಒಂದು ಕಾಲದಲ್ಲಿ ಹೀಗೆ ಬೀಗದಕೈ ಇಡುತ್ತಿದ್ದರು, ಆಗ ನೆರೆಯವರು ತಟ್ಟದೆ ಬರುತ್ತಿದ್ದರು, ಅದೆಲ್ಲ ಈಗಿಲ್ಲ ಎಂದ. ಜನ ಅಯ್ಯೋ ಎಂದರು. ಫೋಟೊ ತೆಗೆದುಕೊಂಡು ಹೊರಟರು.

ಚೆನ್ಸಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅವನು ಸುಳ್ಳೇನೂ ಹೇಳಲಿಲ್ಲವಲ್ಲ ಅಂದುಕೊಂಡಳು. ಅಭ್ಯಾಸಬಲದಿಂದ ಇಟ್ಟಿದ್ದ ಕಾಫಿ ಕುದಿಯುತ್ತಿತ್ತು. ಒಂದೇ ಲೋಟ ತೆಗೆದಳು.

ಆಗ ಪದಕ ಕಿಣಿಕಿಣಿ ಅಂದಿತು. ಬೀಗದಕೈ ತಿರುಗಿತು, ಬಾಗಿಲು ಕೊಂಚ ಮೇಲೆದ್ದಿತು, ಒಂದು ಗುದ್ದು ಬಿತ್ತು. ಅಷ್ಟು ವರ್ಷದ ಮೇಲೂ ಭುಜ ಮರೆತಿರಲಿಲ್ಲ. ನಾರ್ದು ಏದುಸಿರು ಬಿಡುತ್ತಾ ಒಳಗೆ ನಿಂತಿದ್ದ. ಏನು ಹೇಳುವುದೋ ಅವನಿಗೆ ತಿಳಿಯದು, ಎಲ್ಲಿ ಕೂರಿಸುವುದೋ ಅವಳಿಗೆ ತಿಳಿಯದು. ವಿಸ್ತೀನನ ಕುರ್ಚಿಯ ಮೇಲೆ ಲೇಸಿನ ದಿಂಬಿತ್ತು. ಅವಳು ತನಗೆಂದು ಬಗ್ಗಿಸಿದ್ದ ಲೋಟವನ್ನೇ ಅವನ ಕೈಗಿಟ್ಟಳು. ನಿಂತಲ್ಲೇ ಕುಡಿದು ಬಾಯಿ ಸುಟ್ಟುಕೊಂಡ.

"ಲವಂಗ ಜಾಸ್ತಿ ಆಯ್ತು ಅತ್ತೆ."

"ನಿನಗೆ ಯಾವತ್ತೂ ಜಾಸ್ತೀನೇ ಕಣೋ."

ಇಗರ್ಜಿಯ ಕಡೆಯಿಂದ ಬಸ್ಸು ಹಾರನ್ ಹೊಡೆಯಿತು. ಅವನು ಅರ್ಧ ಲೋಟ ಮೇಜಿನ ಮೇಲಿಟ್ಟು, ಬಾಯಿ ಒರೆಸಿಕೊಂಡು ಓಡಿದ. ನಾಳೆ ಬರುತ್ತೇನೆ ಎಂದು ಅವನು ಹೇಳಲಿಲ್ಲ, ಬರುತ್ತೀಯಾ ಎಂದು ಅವಳು ಕೇಳಲಿಲ್ಲ. ಎಳೆದುಕೊಂಡ ಬಾಗಿಲಿನ ರಭಸಕ್ಕೆ ಹೊರಗೆ ಪದಕ ಇನ್ನೂ ಅಲ್ಲಾಡುತ್ತಿತ್ತು. ಚೆನ್ಸಾ ಅವನು ಬಿಟ್ಟುಹೋದ ಕಾಫಿ ಹಿಡಿದು, ಪದಕದ ಸದ್ದು ನಿಲ್ಲುವವರೆಗೂ ಕೇಳುತ್ತಾ ನಿಂತಳು.