ಧೂಳು ಅಳೆಯುವ ಯಂತ್ರಕ್ಕೆ ಗೊಬ್ಬರದ ಚೀಲ

ಗೆಳೆಯರೇ, ಶಹಾಪುರದ ಗಾಳಿ ಇಂದು ‘ಉತ್ತಮ’ವಂತೆ! ಮಾಲಿನ್ಯ ನಿಯಂತ್ರಣ ಕಚೇರಿಯ ಮುಂದಿನ ಬೋರ್ಡು ಹಾಗೆ ತೋರಿಸುತ್ತಿದೆ. ನಮ್ಮ ಓಣಿಯಲ್ಲಿ ಮಾತ್ರ ಅಕ್ಕಿ ಗಿರಣಿಯ ಬೂದಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಕರ್ರಗೆ ಕೂತಿದೆ, ಹೆಂಡತಿ ಬೆಳಗಿನಿಂದ ಕೆಮ್ಮುತ್ತಿದ್ದಾಳೆ. ಸಿಟ್ಟಿನಿಂದ ಕಚೇರಿಗೆ ಹೋದೆ. ಗಾಳಿಯ ಧೂಳು ಅಳೆಯುವ ಯಂತ್ರಕ್ಕೆ ಗೊಬ್ಬರದ ಖಾಲಿ ಚೀಲ ಹೊದಿಸಿ, ಹಗ್ಗ ಬಿಗಿದಿದ್ದಾರೆ!

“ಇದೇನ್ರಿ ಇದು?” ಎಂದೆ.

“ಹಂಗೇ ಬಿಟ್ರ ಧೂಳು ಹೊಕ್ಕು ಕೆಡ್ತದ್ರಿ. ಹೊಸಾ ಮಷೀನ್ ಅದ,” ಎಂದರು ಗುಮಾಸ್ತರು.

“ಧೂಳು ಒಳಗ ಹೋಗ್ಲಿ ಅಂತನೇ ಅದನ್ನ ಇಟ್ಟಾರಲ್ರಿ!”

“ಸರ್ಕಾರಿ ಸಾಮಾನ್ರಿ. ಕೆಟ್ರ ಸಾಹೇಬ್ರು ನನಗೇ ಕೇಳ್ತಾರ.”

ನನ್ನ ಹೆಂಡತಿಯ ಎದೆ ಸರ್ಕಾರಿ ಸಾಮಾನಲ್ಲ ನೋಡಿ. ಅದು ಕೆಟ್ಟರೆ ಯಾವ ಸಾಹೇಬರೂ ಯಾರನ್ನೂ ಕೇಳುವುದಿಲ್ಲ.